ನಳದ ಪಕ್ಕದ ಖೋಲಿಯ ಬೆಳಕು

ಕುರ್ಲಾದ ಆ ಚಾಳಿನಲ್ಲಿ ಗೌಹರಬಿಯನ್ನು ಎರಡು ಸಲ ಕರೆಯಬೇಕಾಗಿ ಬಂದವರು ಯಾರೂ ಇಲ್ಲ. ಮೊದಲನೆಯ ಕರೆಗೇ "ಬಂದೆ, ಬಂದೆ" ಎಂಬ ದನಿ ಕೇಳಿಬಿಡುತ್ತದೆ. ಬಾಯಲ್ಲಿ ತುತ್ತಿರಲಿ, ಕೈ ಹಿಟ್ಟಾಗಿರಲಿ, ಸೊಂಟ ಹಿಡಿದುಕೊಂಡಿರಲಿ, ಕರೆದವರಿಗೆ ಅದು ತಿಳಿಯುವುದಿಲ್ಲ; ತಿಳಿಯಲಿ ಎಂದು ಅವಳೂ ಬಯಸಿದವಳಲ್ಲ. ಇಂಥವರು ಸಿಕ್ಕರೆ ಜಗತ್ತು ಬಿಟ್ಟೀತೇ? ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು. ಗ್ಯಾಸ್ ಸಿಲಿಂಡರಿನವನು ಬಂದರೆ ಅವಳನ್ನು ಕರೆಯುತ್ತಾರೆ, ಮಗು ಅತ್ತರೆ ಅವಳನ್ನು ಕರೆಯುತ್ತಾರೆ, ಅತ್ತೆ ಸೊಸೆಯರ ಜಗಳ ಬಿಡಿಸಲಿಕ್ಕೂ ಅವಳೇ ಬೇಕು.

ಹುನಗುಂದದ ಕಡೆಯವಳು. ಮದುವೆಯಾಗಿ ಅಲ್ಲಾವುದ್ದೀನನ ಹಿಂದೆ ಮುಂಬಯಿಗೆ ಬಂದಾಗ ಅವನು ಸೆಂಟ್ರಿಂಗ್ ಕೆಲಸದವನು. ಊರವರ ಬಿಲ್ಡಿಂಗುಗಳನ್ನೆಲ್ಲ ಎತ್ತಿ ನಿಲ್ಲಿಸಿ ಕೊನೆಗೆ ಅವನ ಬೆನ್ನೇ ನಿಲ್ಲದಾಯಿತು. ಈಗ ಗೋರೆಗಾಂವಿನ ಒಂದು ಸೊಸೈಟಿಯಲ್ಲಿ ರಾತ್ರಿ ವಾಚ್‌ಮನ್. ಅವನು ಲೋಕಲ್ ರೈಲು ಬದಲಿಸುತ್ತ ಬೆಳಿಗ್ಗೆ ಮನೆ ಮುಟ್ಟುವ ಹೊತ್ತಿಗೆ ಇವಳು ಶಾಂತಪ್ಪನ ಖಾನಾವಳಿಗೆ ಹೊರಟಿರುತ್ತಾಳೆ. ಗಂಡ ಹೆಂಡತಿ ಸಂಸಾರದ ಮಾತೆಲ್ಲ ಆಡಿಕೊಳ್ಳುವುದು ಚಾಳಿನ ಮೆಟ್ಟಿಲ ಮೇಲೆ, ಒಬ್ಬರು ಹತ್ತುತ್ತ, ಒಬ್ಬರು ಇಳಿಯುತ್ತ.

ಶಾಂತಪ್ಪನ ಖಾನಾವಳಿ ಸ್ಟೇಷನ್ನಿನ ಹತ್ತಿರ. ಬಾಗಲಕೋಟೆ, ವಿಜಯಪುರ, ಕಲಬುರಗಿಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರಿಗೆ ಅಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಸಿಗುತ್ತದೆ. ರೊಟ್ಟಿ ಬಡಿಯುವವಳು ಗೌಹರಬಿ. ಬೆಳಿಗ್ಗೆ ಹಂಚಿನ ಮುಂದೆ ಕೂತರೆ ಏಳುವುದು ಮಧ್ಯಾಹ್ನದ ಕೊನೆಯ ಪಂಕ್ತಿ ಮುಗಿದ ಮೇಲೆ. ಸಂಜೆ ಮತ್ತೆ ಕೂರಬೇಕು. ಅವಳ ಬಲಗೈ ಎಡಗೈಗಿಂತ ದಪ್ಪವಾಗಿದೆ. ಭುಜದ ನೋವು ಈಗ ನೋವಾಗಿ ಉಳಿದಿಲ್ಲ, ಮನೆಯ ಇನ್ನೊಬ್ಬ ಸದಸ್ಯನಂತೆ ಅವಳ ಜೊತೆಗೇ ಎದ್ದು ಅವಳ ಜೊತೆಗೇ ಮಲಗುತ್ತದೆ. ದಣಿವು ಎಂಬುದು ಕೆಲಸ ಮಾಡಿದ್ದರಿಂದ ಬರುವಂಥದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ಗೌಹರಬಿಯದು ಹಾಗಲ್ಲ. ಅವಳು ಏಳುವಾಗಲೇ ದಣಿದಿರುತ್ತಾಳೆ.

ಐದು ಹೊತ್ತಿನ ನಮಾಜು ತಪ್ಪಿಸಿದವಳಲ್ಲ. ಆದರೆ ಅದನ್ನು ನಮಾಜು ಎನ್ನಲು ಅವಳಿಗೇ ನಾಚಿಕೆ. ಮಧ್ಯಾಹ್ನದ ಜೊಹರ್ ಹೊತ್ತಿನದು ಖಾನಾವಳಿಯ ಹಿಂದಿನ ಮೂಲೆಯಲ್ಲಿ, ಈರುಳ್ಳಿ ಚೀಲಗಳ ನಡುವೆ. ಹಣೆ ನೆಲಕ್ಕೆ ಹಚ್ಚಿದ್ದಾಗಲೇ ಶಾಂತಪ್ಪ ಆಚೆಯಿಂದ "ಗೌಹರವ್ವಾ, ರೊಟ್ಟಿ ತೀರ್ಯಾವ!" ಎನ್ನುತ್ತಾನೆ. ಅವನು ಕೆಟ್ಟವನಲ್ಲ, ಅವನಿಗೆ ರೊಟ್ಟಿ ತೀರಿರುತ್ತದೆ, ಅಷ್ಟೇ.

ಗುರುವಾರ ಮಧ್ಯಾಹ್ನ ಪಕ್ಕದ ಗಲ್ಲಿಯಲ್ಲಿ ಎಲ್ಲರೂ ಆಪಾ ಎನ್ನುವ ಒಬ್ಬ ಹಿರಿಯಕ್ಕ ಹೆಂಗಸರಿಗಾಗಿ ಧರ್ಮದ ಬಯಾನ್ ಮಾಡುತ್ತಾರೆ. ಗೌಹರಬಿ ಹೋಗುವುದು ಅರ್ಧ ಪುಣ್ಯಕ್ಕೆ, ಅರ್ಧ ಅಲ್ಲಿಯ ಫ್ಯಾನಿನ ಗಾಳಿಗೆ. ಒಂದು ಗುರುವಾರ ಆಪಾ ತಹಜ್ಜುದಿನ ಮಾತು ತೆಗೆದರು. ರಾತ್ರಿ ಮಲಗಿ, ನಿದ್ದೆ ಬಿಟ್ಟೆದ್ದು, ಬೆಳಗಿನ ಫಜರಿನ ಮೊದಲು ಮಾಡುವ ನಮಾಜು. ಯಾರ ಒತ್ತಾಯವೂ ಇಲ್ಲ, ಬಿಟ್ಟರೆ ಪಾಪವಿಲ್ಲ. ಆದರೆ ರಾತ್ರಿಯ ಆ ಕೊನೆಯ ಪಾಲಿನಲ್ಲಿ ಅಲ್ಲಾಹನು ಅತ್ಯಂತ ಹತ್ತಿರದ ಆಕಾಶಕ್ಕೆ ಇಳಿದು ಬರುತ್ತಾನೆ, "ನನ್ನನ್ನು ಕರೆಯುವವರು ಯಾರಾದರೂ ಇದ್ದೀರಾ? ಕೇಳುವವರು ಯಾರಾದರೂ ಇದ್ದೀರಾ?" ಎಂದು ವಿಚಾರಿಸುತ್ತಾನೆ ಎಂದರು.

ಫ್ಯಾನಿನ ಗಾಳಿಯಲ್ಲಿ ತೂಕಡಿಸುತ್ತಿದ್ದ ಗೌಹರಬಿಯ ಕಣ್ಣು ಪಟ್ಟನೆ ತೆರೆಯಿತು. ಇಷ್ಟು ವರ್ಷ ಆ ಕೂಗು ಬರುತ್ತಿತ್ತೇ? ದಿನಾ? ಗ್ಯಾಸಿನವನ ಕೂಗಿಗೆ ಓಡಿದವಳು, ಶಾಂತಪ್ಪನ ಕೂಗಿಗೆ ಹಣೆ ನೆಲಕ್ಕಿಟ್ಟ ಸಜ್ದಾದಿಂದ ಎದ್ದವಳು, ಇದೊಂದು ಕರೆಗೆ ಮಾತ್ರ ಬೋರಲು ಬಿದ್ದು ಮಲಗಿರುತ್ತಿದ್ದಳೇ? ಅವಳಿಗೆ ಅಳು ಬಂದಂತಾಯಿತು. ಪುಣ್ಯ ಕಳೆದುಕೊಂಡೆ ಎಂದಲ್ಲ. ಯಾರೋ ಬಾಗಿಲಿಗೆ ಬಂದು, ಕರೆದು, ಉತ್ತರ ಸಿಗದೆ ಹಿಂದಿರುಗಿದರಲ್ಲ ಎಂದು.

ಅಭ್ಯಾಸ ಹಿಡಿಯುವುದು ಹೇಗೆ ಎಂದು ಆಪಾರನ್ನು ಕೇಳಿದಳು. ಬಹಳ ಹೊರಬೇಡ ಎಂದರು ಆಪಾ. ಎರಡೇ ಸುತ್ತು, ಎರಡೇ ರಕಾತ್ ಸಾಕು, ಆದರೆ ಬಿಡದೆ ಮಾಡು. ಕಡಿಮೆಯಾದರೂ ತಪ್ಪದೆ ನಡೆಯುವುದು ಅಲ್ಲಾಹನಿಗೆ ಇಷ್ಟ. ರಾತ್ರಿ ಹೊಟ್ಟೆ ಬಿರಿಯುವಂತೆ ಉಣ್ಣಬೇಡ, ಬೇಗ ಮಲಗು, ಏಳುತ್ತೇನೆ ಎಂದು ಮನಸ್ಸು ಮಾಡಿಕೊಂಡು ಮಲಗು. ಅಷ್ಟಾದರೂ ನಿದ್ದೆ ಮೀರಿ ಬಂದರೆ ಹೆದರಬೇಡ; ಮನಸ್ಸು ಮಾಡಿದ್ದರ ಫಲ ಸಿಗುತ್ತದೆ, ಆ ನಿದ್ದೆ ಅವನು ನಿನಗೆ ಕೊಟ್ಟ ದಾನ.

ಈ ಕೊನೆಯ ಮಾತು ಗೌಹರಬಿಗೆ ಗಂಟಲಲ್ಲಿ ಇಳಿಯಲಿಲ್ಲ. ರೊಟ್ಟಿ ಬಡಿಯುವವಳಿಗೆ ನಿದ್ದೆಯನ್ನು ದಾನ ಕೊಡುವವರು ಯಾರು? ಅವಳು ಕಂಡ ನಿದ್ದೆಯೆಲ್ಲ ಕದ್ದದ್ದೇ.

ಆ ಕರೆಯ ವಿಷಯ ತಿಳಿಯುವ ಮೊದಲೇ, ಬರೀ ಪುಣ್ಯಕ್ಕೆಂದು, ಈ ನಮಾಜನ್ನು ಎರಡು ಸಲ ಹಿಡಿದು ಬಿಟ್ಟದ್ದೂ ಇತ್ತು. ಒಮ್ಮೆ ರಂಜಾನಿನಲ್ಲಿ, ನಸುಕಿನ ಊಟಕ್ಕೆ, ಸಹರಿಗೆ, ಹೇಗೂ ಏಳುತ್ತಾರಲ್ಲ, ಅದರ ಬಾಲ ಹಿಡಿದು ನಡೆಯಿತು, ಈದ್ ಮುಗಿದ ಮಾರನೆಯ ದಿನವೇ ನಿಂತಿತು. ಇನ್ನೊಮ್ಮೆ ಮಗಳು ಶಬ್ರೀನಳ ಮೊಬೈಲಿನ ಅಲಾರಂ ನಂಬಿ. ಸಾಂತಾಕ್ರೂಜಿನ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ದಿನವಿಡೀ ನಿಂತು ಬರುವ ಹುಡುಗಿ ಅಲಾರಂ ಕೂಗಿದಾಗಲೆಲ್ಲ "ಅಮ್ಮೀ, ಪ್ಲೀಸ್, ಸೋನೇ ದೋ ನಾ, ಮಲಗಾಕ ಬಿಡು" ಎಂದು ಅದರ ಕತ್ತು ಹಿಸುಕುತ್ತಿದ್ದಳು. ಮಲಗಿ ಏಳಬೇಕು ಎಂಬ ಷರತ್ತಿನಲ್ಲಿ ಮಲಗುವ ಭಾಗ ಗೌಹರಬಿಗೆ ಬಾಯಿಪಾಠ. ಏಳುವ ಭಾಗದಲ್ಲೇ ಸೋಲುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮನಸ್ಸೊಂದು ಕಡೆ, ಮೈಯೊಂದು ಕಡೆ. ಈ ಮೂರನೆಯ ಸಲ ಅವಳು ತನಗೆ ತಾನೇ ಹೇಳಿಕೊಂಡಳು: ಇದೂ ಮುರಿದರೆ ಮುರಿಯಿತು. ಮತ್ತೆ ಕೂಡಿಸುವ ಶಕ್ತಿ ಈ ಮೈಯಲ್ಲಿ ಇಲ್ಲ.

ಗಂಡನಿಗೆ ಮೆಟ್ಟಿಲ ಮೇಲೆ ಹೇಳಿದಳು. ಅಲ್ಲಾವುದ್ದೀನ ನಕ್ಕ. "ನಾನೂ ರಾತ್ರಿಯೆಲ್ಲಾ ಎಚ್ಚರ ಇರತೀನಿ ನೋಡ. ನನಗ್ಯಾರೂ ಪುಣ್ಯದ ಸುದ್ದಿನ ಎತ್ತಂಗಿಲ್ಲ. ನಿದ್ದಿ ಹತ್ತಿದರ ಸೊಸೈಟಿಯವ್ರು ಬೈತಾರ ಅಷ್ಟ." ಆದರೂ ತನ್ನ ಹಳೆಯ ಮೊಬೈಲನ್ನು ಅವಳಿಗೆ ಕೊಟ್ಟು, ಕೂಗದೆ ಬರೀ ನಡುಗುವ ಹಾಗೆ ಅಲಾರಂ ಇಟ್ಟುಕೊಟ್ಟ. "ದಿಂಬಿನ ಬುಡಕ ಇಟ್ಕೋ. ಹುಡುಗಿ ನಿದ್ದಿ ಕೆಡಂಗಿಲ್ಲ" ಎಂದ.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಈ ಸಲ ಅಡ್ಡ ಬಂದದ್ದು ನಿದ್ದೆಯಲ್ಲ, ನೀರು.

ಚಾಳಿನ ಮೊದಲ ಮಹಡಿಗೆ ಇರುವುದು ಒಂದೇ ನಳ. ಅದು ಗ್ಯಾಲರಿಯ ತುದಿಯಲ್ಲಿ, ಗೌಹರಬಿಯ ಒಂದೇ ಕೋಣೆಯ ಖೋಲಿಯ ಗೋಡೆಗೆ ಅಂಟಿಕೊಂಡಿದೆ. ನೀರು ಬರುವುದು ನಸುಕಿನಲ್ಲಿ; ನಸುಕು ಎಂದರೆ ಎಷ್ಟು ಹೊತ್ತಿಗೆ ಎಂದು ನೀರಿಗೇ ಗೊತ್ತಿಲ್ಲ. ಬಂದ ಕೂಡಲೇ ಹಿಡಿಯಬೇಕು. ಕೆಳಗಿನವರು ಎದ್ದು ಮೋಟರ್ ಹಚ್ಚಿದರೆಂದರೆ ಮೇಲಿನ ನಳ ಒಮ್ಮೆ ಬಿಕ್ಕಳಿಸಿ ಸುಮ್ಮನಾಗುತ್ತದೆ. ನೀರಿಗೆ ಮೊದಲು ನಳದಲ್ಲಿ ಗಾಳಿ ಸುಸ್ಸೆನ್ನುತ್ತದೆ. ಎಷ್ಟು ಗಾಢ ನಿದ್ದೆಯಲ್ಲಿದ್ದರೂ ಆ ಸದ್ದಿಗೆ ಗೌಹರಬಿ ಎದ್ದು ಲೈಟು ಹಾಕುತ್ತಾಳೆ. ಬಾಗಿಲ ಮೇಲಿನ ಜಾಳಿಯಿಂದ ಬೆಳಕು ಗ್ಯಾಲರಿಗೆ ಬೀಳುತ್ತದೆ. ಅದನ್ನು ಕಂಡು ಒಂದೊಂದೇ ಬಾಗಿಲು ತೆರೆದು ಕೊಡ, ಹಂಡೆ, ಬಕೆಟ್ಟುಗಳು ಹೊರಬರುತ್ತವೆ. ಇದು ಯಾರೂ ಕೂತು ಮಾಡಿದ ನಿಯಮವಲ್ಲ. ವರ್ಷಗಳಿಂದ ನಡೆದು ಬಂದದ್ದು. ಗೌಹರಬಿಯ ಖೋಲಿಯಲ್ಲಿ ಬೆಳಕಾಯಿತೆಂದರೆ ನೀರು ಬಂತು.

ಮೊದಲ ರಾತ್ರಿ ದಿಂಬಿನ ಕೆಳಗೆ ಮೊಬೈಲು ನಡುಗಿತು. ಅವಳು ಎದ್ದೇ ಎದ್ದಳು. ಎದ್ದ ಹೆಮ್ಮೆಯಲ್ಲಿ ಲೈಟು ಹಾಕಿದಳು, ಮೋರಿಯ ಬಚ್ಚಲಲ್ಲಿ ಕೂತು ಕೈಕಾಲು ಮುಖ ತೊಳೆದು ವುಜೂ ಮಾಡಿದಳು, ನಮಾಜಿನ ಚಾಪೆ ಜಾನಮಾಜ್ ಹಾಸಿ ನಿಂತಳು. ಎರಡನೆಯ ರಕಾತಿನಲ್ಲಿ ಹೊರಗೆ ಹೆಜ್ಜೆ ಸಪ್ಪಳ, ಕೊಡಕ್ಕೆ ಕೊಡ ತಾಗಿದ ಸದ್ದು, ಯಾರದೋ ಆಕಳಿಕೆ. ಸಲಾಂ ಹೇಳಿ ಮುಗಿಸಿ ಬಾಗಿಲು ತೆಗೆದು ನೋಡುತ್ತಾಳೆ, ಇಡೀ ಗ್ಯಾಲರಿ ಸಾಲಾಗಿ ನಿಂತಿದೆ. ಎಲ್ಲರಿಗಿಂತ ಮುಂದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಪಕ್ಕದ ಖೋಲಿಯ ಇಂದ್ರಾಬಾಯಿ ಕೂತಿದ್ದಾಳೆ.

"ನೀರೆಲ್ಲಿ ಗೌಹರ?"

"ಇನ್ನೂ ಬಂದಿಲ್ಲಕ್ಕಾ."

"ಮತ್ತ ಲೈಟ್ ಯಾಕ ಹಾಕಿದಿ?"

ಹೇಳಬಹುದಿತ್ತು. ಆದರೆ ಒತ್ತಾಯವಿಲ್ಲದೆ ಮಾಡುವ ನಮಾಜು ಡಂಗುರ ಸಾರಿ ಮಾಡುವಂಥದ್ದಲ್ಲ. ಮಾಡುತ್ತೇನೆ ಎಂದು ನಾಲ್ಕು ಜನರಿಗೆ ಹೇಳಿದರೆ ಅದು ಆ ನಾಲ್ಕು ಜನರಿಗಾಗಿಯೇ ಆಗಿಬಿಡುತ್ತದೆ ಎಂಬ ಭಯ ಅವಳಿಗೆ. ಬಾಯಿಗೆ ಬಂದದ್ದನ್ನು ಹೇಳಿದಳು. "ಹೊಟ್ಟಿ ಕೆಟ್ಟಿತ್ತು."

ಮಾರನೆಯ ರಾತ್ರಿಯೂ ಅದೇ ಸಾಲು, ಅದೇ ಪ್ರಶ್ನೆ, ಅದೇ ಹೊಟ್ಟೆ. ಬೆಳಗಾಗುವಷ್ಟರಲ್ಲಿ ಇಡೀ ಮಹಡಿ ವೈದ್ಯರಾಗಿತ್ತು. ಇಂದ್ರಾಬಾಯಿ ಅಜವಾನದ ಕಷಾಯ ತಂದು ಕುಡಿಸಿದಳು. ಮೂಲೆ ಖೋಲಿಯ ಮನೀಶ್ ಮೆಡಿಕಲ್ಲಿನಿಂದ ಗುಳಿಗೆ ತಂದುಕೊಟ್ಟ. ಸುಳ್ಳಿಗೆ ಸಾಕ್ಷಿ ಬೇಡವೇ, ಅವಳು ಮಜ್ಜಿಗೆ ಅನ್ನ ಉಂಡು ಖಾನಾವಳಿಗೆ ಹೋದಳು. ನಮಾಜು ಮುಚ್ಚಿಡಲು ಸುಳ್ಳು ಹೇಳಿದ ಪಾಪ ಯಾವ ಲೆಕ್ಕಕ್ಕೆ ಬೀಳುತ್ತದೋ ಎಂದು ದಾರಿಯುದ್ದಕ್ಕೂ ಚಿಂತಿಸಿದಳು.

ಆಮೇಲೆ ಕತ್ತಲಲ್ಲೇ ಎದ್ದಳು. ಕತ್ತಲಲ್ಲಿ ಒಂದು ಖೋಲಿಯಲ್ಲಿ ನಡೆದಾಡುವುದು ದೊಡ್ಡ ವಿಷಯವೇನಲ್ಲ ಎಂದು ನಿಮಗೆ ಅನ್ನಿಸಬಹುದು. ಆ ಖೋಲಿಯಲ್ಲಿ ಮಗಳ ಹಾಸಿಗೆ, ಹಿಟ್ಟಿನ ಡಬ್ಬಿ, ಗಂಡನ ಟ್ರಂಕು, ಪಾತ್ರೆಗಳ ಸ್ಟ್ಯಾಂಡು ಎಲ್ಲ ಸೇರಿ ಮಿಕ್ಕ ಜಾಗದಲ್ಲಿ ಒಂದು ಜಾನಮಾಜ್ ಅಡ್ಡ ಹಾಸಿದರೆ ಮುಗಿಯಿತು. ಒಂದು ರಾತ್ರಿ ಕಾಲು ತಾಗಿ ತಾಮ್ರದ ಕೊಡ ಉರುಳಿತು. ಕೊಡ ಉರುಳಿದರೆ ನೀರು ಬಂದಂತೆಯೇ ಅಲ್ಲವೇ? ಮತ್ತೆ ಇಡೀ ಗ್ಯಾಲರಿ ಎದ್ದು ಬಂತು. ಶಬ್ರೀನ ಹೊದಿಕೆಯೊಳಗಿಂದಲೇ ಕೂಗಿದಳು: "ಪಾನಿ ನಹೀಂ ಆಯಾ ಕಾಕೂ! ಮಲಗ್ರಿ ನೀವು, ಮಲಗ್ರಿ!"

ಅಂತೂ ಕೊಡವನ್ನು ಮೂಲೆಗೆ ಸರಿಸಿ, ವುಜೂವಿನ ನೀರನ್ನು ಚಂಬಿನಲ್ಲಿ ತುಂಬಿಟ್ಟು, ಕಾಲಿಗೆ ಕಣ್ಣು ಮೂಡಿಸಿಕೊಂಡು ಅವಳು ಕಲಿತಳು. ದಿನಗಳು ಉರುಳಿದವು. ನಡುವೆ ಕೈ ಬಿಡಲಿಲ್ಲ. ಮೈಯಲ್ಲಿ ಮಾತ್ರ ಏನೂ ಉಳಿಯಲಿಲ್ಲ. ಲೋಕಲ್ಲಿನಲ್ಲಿ ನಿಂತೇ ನಿದ್ದೆ ಹೋಗುವವರನ್ನು ನೋಡಿ ನಗುತ್ತಿದ್ದವಳು ಈಗ ಹಂಚಿನ ಮುಂದೆ ಕೂತೇ ಜೋಲಿ ಹೊಡೆದಳು. ಒಂದು ದಿನ ಅಂಗೈ ಸುಟ್ಟಿತು. ಶಾಂತಪ್ಪ ತುಪ್ಪ ಸವರಿ, "ರಾತ್ರಿ ಏನ್ ಮಾಡತೀ ಗೌಹರವ್ವಾ, ಮಲಗೂದು ಬಿಟ್ಟಿಯೇನು?" ಎಂದ. "ಹೊಟ್ಟಿ..." ಎಂದು ಶುರುಮಾಡಿ ಹಿಟ್ಟಿನ ಮುಂದಿನ ಉಂಡೆ ಕೈಗೆತ್ತಿಕೊಂಡಳು.

ಇಷ್ಟೆಲ್ಲ ಪಟ್ಟು ಆ ಕತ್ತಲಲ್ಲಿ ಅವಳು ಏನು ಕೇಳಿದಳು? ಮೊದಮೊದಲು ಕೇಳಬೇಕೆಂದೇ ಕೂತಿದ್ದಳು. ಗಂಡನ ಬೆನ್ನು, ಮಗಳ ಮದುವೆ, ತನ್ನ ಭುಜ. ಕೈ ಎತ್ತಿದರೆ ಒಂದೂ ಬಾಯಿಗೆ ಬರುತ್ತಿರಲಿಲ್ಲ. ಕೇಳಿ ರೂಢಿಯಿಲ್ಲದವಳು, ಜೀವಮಾನವಿಡೀ ಕೇಳಿಸಿಕೊಂಡವಳು. ಕೊನೆಗೆ ಅವಳ ದುವಾ ಒಂದೇ ಮಾತಿಗೆ ಬಂದು ನಿಂತಿತು. "ಇದ್ದೀನಿ" ಎನ್ನುತ್ತಿದ್ದಳು. ಯಾರಾದರೂ ಇದ್ದೀರಾ ಎಂದವನಿಗೆ, ಇದ್ದೀನಿ. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ, ಯಾರೂ ಏನೂ ಕೆಲಸ ಹೇಳದ ಆ ಸುಮ್ಮನಿರುವಿಕೆಯಲ್ಲಿ ಅವಳ ಭುಜ ಒಂದಿಷ್ಟು ಕೆಳಗಿಳಿಯುತ್ತಿತ್ತು. ಅದಕ್ಕಾಗಿ ಅವಳು ಏನನ್ನಾದರೂ ಕೊಡಲು ಸಿದ್ಧಳಿದ್ದಳು.

ಕೊಡಬೇಕಾಗಿಯೂ ಬಂತು.

ಆ ರಾತ್ರಿ ಅವಳು ಎರಡನೆಯ ರಕಾತಿನಲ್ಲಿದ್ದಾಗ ಗೋಡೆಯಾಚೆ ನಳ ಸುಸ್ಸೆಂದಿತು. ನೀರು ದಿನಕ್ಕಿಂತ ಬೇಗ ಬಂದಿತ್ತು. ಎರಡೂ ಕಡೆಯಿಂದ ಕರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು ಗೌಹರಬಿ. ಉಳಿದದ್ದನ್ನು ಬೇಗ ಬೇಗ ಮುಗಿಸಿ ಎದ್ದು ಲೈಟು ಹಾಕಬಹುದಿತ್ತು. ಬೇರೆ ಯಾವ ದಿನವಾದರೂ ಹಾಗೇ ಮಾಡುತ್ತಿದ್ದಳು. ಅಂದು ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟವಳಿಗೆ ಒಮ್ಮೆಲೇ ಸಿಟ್ಟು ಬಂತು. ನೀರಿನ ಮೇಲೆ, ಶಾಂತಪ್ಪನ ಮೇಲೆ, ಮೊದಲ ಕರೆಗೇ ಓಡುವ ತನ್ನ ಕಾಲುಗಳ ಮೇಲೆ. ಒಂದು ಸಲವಾದರೂ ಅವರು ಕಾಯಲಿ ಎಂದುಕೊಂಡಳು. ಕಾಯಲಿ. ಮತ್ತು ಅವಸರವಿಲ್ಲದೆ ಸಜ್ದಾದಲ್ಲಿ ಉಳಿದಳು, ಅವಸರವಿಲ್ಲದೆ ಕೂತಳು, ಅವಸರವಿಲ್ಲದೆ ಕೈ ಎತ್ತಿದಳು.

ಲೈಟು ಹಾಕಿ ಬಾಗಿಲು ತೆಗೆಯುವ ಹೊತ್ತಿಗೆ ಕೆಳಗೆ ಮೋಟರುಗಳು ಗುಂಯ್ ಎನ್ನುತ್ತಿದ್ದವು. ನಳ ಒಮ್ಮೆ ಬಿಕ್ಕಳಿಸಿತು. ಮುಗಿಯಿತು.

ಗ್ಯಾಲರಿಯಲ್ಲಿ ಆಗಬೇಕಾದದ್ದೆಲ್ಲ ಆಯಿತು. ಹಿಂದಿಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಬೈಗುಳ ಬಂದವು. ಕೆಲವು ಕೆಳಗಿನವರಿಗೆ, ಕೆಲವು ಗೌಹರಬಿಗೆ. ಅವೆಲ್ಲ ಅವಳಿಗೆ ತಟ್ಟಲಿಲ್ಲ. ಇಂದ್ರಾಬಾಯಿ ಮಾತ್ರ ಬೈಯಲಿಲ್ಲ. ಖಾಲಿ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ನಳದ ಬಾಯಿಯನ್ನೇ ನೋಡುತ್ತ ಕೂತಿದ್ದಳು. ಅವಳ ಗಂಡನಿಗೆ ಲಕ್ವಾ ಹೊಡೆದು, ಕೈಕಾಲು ಸ್ವಾಧೀನ ತಪ್ಪಿ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಬೆಳಗಾದರೆ ಅವನನ್ನು ತೊಳೆಯಬೇಕು, ಅವನ ಬಟ್ಟೆ ಒಗೆಯಬೇಕು. ಬೇರೆಯವರಿಗೆ ಆ ದಿನ ಸ್ನಾನವಿಲ್ಲ. ಅವಳಿಗೆ ಅಷ್ಟಕ್ಕೆ ಮುಗಿಯುವುದಿಲ್ಲ.

ಗೌಹರಬಿ ಒಳಗೆ ಹೋಗಿ ನೀರಿನ ಡ್ರಮ್ಮಾದ ಪಿಂಪಿನ ತಳದಲ್ಲಿ ಉಳಿದಿದ್ದ ನೀರನ್ನೆಲ್ಲ ಬಳಿದು ಬಕೆಟ್ಟಿಗೆ ತುಂಬಿ ಇಂದ್ರಾಬಾಯಿಯ ಖೋಲಿಗೆ ಹೊತ್ತುಕೊಂಡು ಹೋದಳು. ಇಬ್ಬರೂ ಸೇರಿ ಮುದುಕನನ್ನು ಹೊರಳಿಸಿ, ಒರೆಸಿ, ಒಣ ಬಟ್ಟೆ ಹಾಕಿದರು. ಕೈ ಕೆಲಸದಲ್ಲಿದ್ದಾಗ ಮಾತು ಸುಲಭ. ಮುಖ ನೋಡದೆ ಗೌಹರಬಿ ಎಲ್ಲವನ್ನೂ ಹೇಳಿಬಿಟ್ಟಳು. ನೀರು ಬಂದದ್ದು ಕೇಳಿಸಿತ್ತು ಎಂಬುದನ್ನೂ ಹೇಳಿದಳು.

ಇಂದ್ರಾಬಾಯಿ ಗಂಡನ ತಲೆದಿಂಬು ಸರಿಮಾಡಿ ಕೇಳಿದಳು. "ಹಂಗಂದ್ರ ನಿನ್ನ ಹೊಟ್ಟಿ ಕೆಟ್ಟಿದ್ದಿಲ್ಲ?"

"ಇಲ್ಲಕ್ಕಾ."

"ಅಷ್ಟು ಅಜವಾನ ಖರ್ಚ ಮಾಡಿದ್ನಲ್ಲ ನಾ."

ಗೌಹರಬಿಗೆ ನಗಲೂ ಆಗಲಿಲ್ಲ. ಇಂದ್ರಾಬಾಯಿ ಮತ್ತೆ ಕೇಳಿದಳು. "ಅಷ್ಟೊತ್ತಿನ್ಯಾಗ ಎದ್ದು ಏನ ಬೇಡಕೋತಿ?"

"ಏನೂ ಇಲ್ಲ. ಆ ಹೊತ್ತಿನ್ಯಾಗ ಅಲ್ಲಾ ಹತ್ರ ಬಂದು ಯಾರರ ಅದೀರೇನ ಅಂತ ಕೇಳತಾನಂತ. ನಾ ಅದೀನಿ ಅಂತೀನಿ. ಅಷ್ಟ. ಇನ್ನ ಬಿಟ್ಟೆ ಬಿಡಕ್ಕಾ. ನನ್ನಿಂದ ಆಗಂಗಿಲ್ಲ. ಅಂವಗ ಓ ಅನ್ನಾಕ ಹೋಗಿ ನಿಮ್ಮ ಬಾಯಿಗೆ ಮಣ್ಣ ಹಾಕಿದೆ."

ಇಂದ್ರಾಬಾಯಿ ಹೊಲಸು ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಗೌಹರಬಿ ಖಾಲಿ ಬಕೆಟ್ಟು ಹಿಡಿದು ಹೊರಗೆ ಬಂದಳು. ಮುಗಿಯಿತು ಎಂದುಕೊಂಡಾಗ ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಗುರ ಅನ್ನಿಸಿತು. ಇನ್ನು ಮಲಗಬಹುದು. ಹಾಗೆ ಅನ್ನಿಸಿದ್ದಕ್ಕೇ ಆಮೇಲೆ ದುಃಖವಾಯಿತು.

ಅಂದು ಸಂಜೆ ಅವಳು ಖಾನಾವಳಿಯಿಂದ ಮೆಟ್ಟಿಲು ಹತ್ತಿ ಬರುವಾಗ ಗ್ಯಾಲರಿಯಲ್ಲಿ ಇಂದ್ರಾಬಾಯಿಯ ದೊಡ್ಡ ದನಿ ಕೇಳುತ್ತಿತ್ತು. "ಎಲ್ಲಾರೂ ಕೇಳ್ರಿ. ಇವತ್ತಿಂದ ಗೌಹರನ ಲೈಟ್ ನೋಡಿ ಯಾರೂ ಏಳಬ್ಯಾಡ್ರಿ. ನನ್ನ ಖೋಲ್ಯಾಗ ಲೈಟ್ ಹತ್ತಿದರ ನೀರ ಬಂತು ಅಂತ ತಿಳೀರಿ. ನನಗ ಹೆಂಗೂ ರಾತ್ರಿ ನಿದ್ದಿಲ್ಲ, ಇವರನ್ನ ಹೊರಳಸಬೇಕು. ನಳ ನಾ ನೋಡಕೋತೀನಿ."

"ಕಾ ಹೋ ಇಂದ್ರಾಕಾಕೂ?" ಮನೀಶ್ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೇಳಿದ. "ಅವ್ರ ಲೈಟಿಗೆ ಏನಾಯ್ತು?"

"ಲೈಟಿಗೇನಾಗಿಲ್ಲ. ಆಕಿ ಹೊಟ್ಟಿ ಇನ್ನೂ ನೆಟ್ಟಗಾಗಿಲ್ಲ" ಎಂದಳು ಇಂದ್ರಾಬಾಯಿ, ಮೆಟ್ಟಿಲ ಮೇಲೆ ನಿಂತಿದ್ದ ಗೌಹರಬಿಯ ಕಡೆ ನೋಡದೆ. "ರಾತ್ರಿ ಏಳತಾಳ, ಬಡವಿ. ಯಾರೂ ತ್ರಾಸ ಕೊಡಬ್ಯಾಡ್ರಿ."

ಹೀಗೆ ಆ ಮಹಡಿಯಲ್ಲಿ ಎರಡು ಬೆಳಕುಗಳಾದವು. ಮೊದಲು ಗೌಹರಬಿಯದು, ಅದಕ್ಕೆ ಯಾರೂ ಏಳುವುದಿಲ್ಲ. ಅದರ ನಂತರ ಇಂದ್ರಾಬಾಯಿಯದು. ಅದಕ್ಕೆ ಎಲ್ಲರೂ ಏಳುತ್ತಾರೆ. ಗೌಹರಬಿಯ ಹೊಟ್ಟೆಯ ಬಗ್ಗೆ ಮಾತ್ರ ಚಾಳಿನಲ್ಲಿ ತರತರದ ಸುದ್ದಿ ಹಬ್ಬಿತು. ಅಲ್ಲಾವುದ್ದೀನನನ್ನು ಮೆಟ್ಟಿಲಲ್ಲಿ ತಡೆದು ದೊಡ್ಡ ಆಸ್ಪತ್ರೆಗೆ ತೋರಿಸು ಎಂದವರೂ ಉಂಟು.

ಅಭ್ಯಾಸವಾದರೆ ದಣಿವು ಹೋಗುತ್ತದೆ ಎಂದು ಹೇಳುವವರು ರೊಟ್ಟಿ ಬಡಿದವರಲ್ಲ. ದಣಿವು ಹೋಗಲಿಲ್ಲ. ಪ್ರತಿ ರಾತ್ರಿ ದಿಂಬು ನಡುಗಿದಾಗ ಅವಳಿಗೆ ಬರುತ್ತಿದ್ದ ಮೊದಲ ಯೋಚನೆ ಇವತ್ತೊಂದು ದಿನ ಬೇಡ ಎಂಬುದೇ. ಎದ್ದು ಕೂತು ಕಣ್ಣು ಮುಚ್ಚಿಕೊಂಡೇ ಲೈಟಿನ ಗುಂಡಿ ತಡಕುತ್ತಿದ್ದಳು. ಲೈಟು ಹಾಕಿದ ಮೇಲೆ ಆಚೆ ಗೋಡೆಯಿಂದ ಇಂದ್ರಾಬಾಯಿ ಒಮ್ಮೆ ಕೆಮ್ಮುತ್ತಿದ್ದಳು. ಅದು ನಿಜವಾದ ಕೆಮ್ಮಲ್ಲ ಎಂದು ಇಬ್ಬರಿಗೂ ಗೊತ್ತು. ಹಗಲಿನಲ್ಲಿ ಅವರು ಆ ಮಾತು ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಖಾನಾವಳಿಯಲ್ಲಿ ಪಲ್ಯ ಮಾಡುವ ದಾನೇಶ್ವರಿ ಬಾಣಂತನಕ್ಕೆಂದು ಊರಿಗೆ ಹೋದಳು. ಅವಳ ಕೆಲಸವೂ ಗೌಹರಬಿಯ ತಲೆಗೆ ಬಂತು. ಶಾಂತಪ್ಪ ಕೇಳಿದ, ಇವಳು "ಆತು" ಎಂದಳು, ಇನ್ನೇನು ಹೇಳಿಯಾಳು? ಬೆಳಿಗ್ಗೆ ತರಕಾರಿ ಹೆಚ್ಚುವುದು, ಆಮೇಲೆ ರೊಟ್ಟಿ, ಸಂಜೆ ಮತ್ತೆ ಎರಡೂ. ಒಂದು ವಾರ ಹಾಗೆ ತಳ್ಳಿದಳು. ಕೊನೆಗೆ ಒಂದು ರಾತ್ರಿ ಮೈ ಬಿಸಿಯಾಗಿ, ಊಟ ಬೇಡವೆಂದು, ರಾತ್ರಿಯ ಇಶಾ ನಮಾಜು ಮುಗಿಸಿದ ಜಾನಮಾಜಿನ ಪಕ್ಕದಲ್ಲೇ ಒರಗಿದಳು. ಏಳುತ್ತೇನೆ ಎಂದು ಮನಸ್ಸು ಮಾಡಿಕೊಂಡದ್ದು ಅವಳಿಗೆ ನೆನಪಿದೆ. ಮೊಬೈಲು ಹಾಸಿಗೆಯ ದಿಂಬಿನ ಕೆಳಗೇ ಉಳಿಯಿತು. ಹಸಿವೆಗೆ ರುಚಿ ಬೇಡ, ನಿದ್ದೆಗೆ ಸುಖ ಬೇಡ ಎನ್ನುತ್ತಾರಲ್ಲ, ಅವಳು ಬರೀ ನೆಲದ ಮೇಲೆ ಹಾಗೇ ಮುಳುಗಿಹೋದಳು.

ಎಚ್ಚರವಾದದ್ದು ಫಜರಿನ ಅಜಾನಿಗೆ.

ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ದಡಕ್ಕನೆ ಎದ್ದು ಕೂತಳು. ಹೋಯಿತು. ಮೂರನೆಯದೂ ಮುರಿಯಿತು. ಇಷ್ಟು ದಿನ ಕಷ್ಟಪಟ್ಟು ಹೆಣೆದದ್ದು ಒಂದು ನಿದ್ದೆಯಲ್ಲಿ ಹರಿಯಿತು. ಆಕಾಶಕ್ಕೆ ಇಳಿದು ಬಂದವನು ಅವಳ ಜಾಳಿಯಲ್ಲಿ ಕತ್ತಲೆ ಕಂಡು, ಯಾರೂ ಇಲ್ಲವೆಂದು ತಿಳಿದು ಹೋಗಿರಬೇಕು. ದಿನಾ ಇದ್ದೀನಿ ಎಂದವಳು ಒಂದು ದಿನ ಇಲ್ಲವಾದರೆ, ಅದು ಎಂದೂ ಇಲ್ಲದವರಿಗಿಂತ ಕೆಟ್ಟದ್ದಲ್ಲವೇ? ಫಜರಿನ ನಮಾಜನ್ನು ಅಳುತ್ತಲೇ ಮಾಡಿದಳು. ನಿದ್ದೆ ಅವನ ದಾನ ಎಂದು ಆಪಾ ಹೇಳಿದ್ದು ನೆನಪಾಯಿತು; ನೆನಪಾಗಿ ಇನ್ನಷ್ಟು ಅಳು ಬಂತು. ಆಮೇಲೆ ಇನ್ನೊಂದು ನೆನಪಾಯಿತು. ನೀರು! ನೀರಿಗೂ ಎದ್ದಿರಲಿಲ್ಲ. ನಳ ಸುಸ್ಸೆಂದದ್ದೂ ಕೇಳಿಸಲಿಲ್ಲ. ರಾತ್ರಿ ಖಾಲಿ ಪಿಂಪನ್ನು ಬಾಗಿಲ ಹೊರಗೆ ಇಟ್ಟು ಮಲಗಿದ್ದಳು.

ಬಾಗಿಲು ತೆಗೆದಳು. ಪಿಂಪಿನ ಮುಚ್ಚಳ ಮುಚ್ಚಿತ್ತು, ಸುತ್ತ ನೆಲ ಒದ್ದೆಯಾಗಿತ್ತು. ಎತ್ತಿ ನೋಡಿದರೆ ಕಂಠದವರೆಗೆ ನೀರು. ಪಿಂಪಿನ ಪಕ್ಕ, ಅವಳ ಹೊಸ್ತಿಲಿಗೆ ತಾಗಿ, ಗೋಡೆಗೆ ಬೆನ್ನು ಕೊಟ್ಟು ಇಂದ್ರಾಬಾಯಿ ಕೂತಿದ್ದಳು. ಸೆರಗು ತಲೆಯ ಮೇಲಿತ್ತು. ಕಣ್ಣು ಮುಚ್ಚಿದ್ದಳು.

"ಅಕ್ಕಾ?"

ಇಂದ್ರಾಬಾಯಿ ಕಣ್ಣು ತೆರೆದಳು. "ಎದ್ದೇನ?"

"ಇಲ್ಲ್ಯಾಕ ಕುಂತಿ? ನೀರ ನೀ ತುಂಬಿದೇನ?"

"ನಾನ ತುಂಬಿದೆ. ನಿನ್ನ ಲೈಟ್ ಹತ್ತಲಿಲ್ಲ. ಬಾಗಿಲಾ ಬಡೀಬೇಕಂತ ಬಂದೆ. ಒಳಗ ನಿನ್ನ ಗೊರಕಿ ಕೇಳತು." ಅವಳು ಒಂದು ಕೈ ಮೊಣಕಾಲ ಮೇಲೆ, ಒಂದು ಕೈ ಗೋಡೆಯ ಮೇಲೆ ಊರಿ ಏಳಲು ನೋಡಿದಳು. "ಇಷ್ಟು ವರ್ಷದಾಗ ನಿನ್ನ ಗೊರಕಿ ನಾ ಕೇಳಿದ್ದಿಲ್ಲವಾ ಗೌಹರ. ಬಡ್ಯಾಕ ಕೈ ಬರಲಿಲ್ಲ."

"ಎಬ್ಬಿಸಬೇಕಿತ್ತಕ್ಕಾ. ನನ್ನ ನಮಾಜ್ ಹೋತು."

"ಅದ ಖರೆ. ಅದಕ್ಕ ಇಲ್ಲೇ ಕುಂತೆ."

ಗೌಹರಬಿಗೆ ತಿಳಿಯಲಿಲ್ಲ. ಇಂದ್ರಾಬಾಯಿ ಕಷ್ಟಪಟ್ಟು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಏನೋ ತಪ್ಪು ಮಾಡಿದವಳಂತೆ ದನಿ ಇಳಿಸಿದಳು. "ಯಾರರ ಅದೀರೇನ ಅಂತ ಕೇಳತಾನ ಅಂದಿದ್ದಿಯಲ್ಲ ನೀನು. ಯಾರೂ ಓ ಅನ್ನದಿದ್ದರ ಚಲೋ ಅನಸಂಗಿಲ್ಲ. ನಿಮ್ಮ ಮಂತ್ರ ಗಿಂತ್ರ ನನಗ ಬರಂಗಿಲ್ಲ. ಅದಾಳ, ದಣದ ಮಲಗ್ಯಾಳ ಅಂತ ಹೇಳಿದೆ."

ಅವಳ ಖೋಲಿಯಿಂದ ಮುದುಕನ ನರಳಾಟ ಕೇಳಿತು. "ಬಂದೆ" ಎನ್ನುತ್ತ ಇಂದ್ರಾಬಾಯಿ ಹೋದಳು.

ಗೌಹರಬಿ ಪಿಂಪಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಳು. ಕೆಳಗಿನಿಂದ ಯಾರೋ "ಗೌಹರಬೀ" ಎಂದು ಕರೆದರು. ಹಾಲಿನವನಿರಬೇಕು. ಅವನು ಎರಡನೆಯ ಸಲವೂ ಕರೆಯಬೇಕಾಯಿತು.